ಪುಸ್ತಕದಲ್ಲಿ ಒಂದೇ ಕತೆಗೆ ಜಾಗ

ಬೇರೆಯವರ ಕತೆ ಚಂದ ಇದೆ ಎಂದು ಯಾರಾದರೂ ಅಂದರೆ ಸಾಕು, ನನ್ನ ಪಾಲಿಗೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಚಿಕ್ಕೋಡಿಯಲ್ಲಿ ರವಿವಾರ ಕತೆ ಬರೆಯಲು ಕಲಿಸುತ್ತಾರೆ ಎಂದು ಕೇಳಿ, ಏಕಸಂಬಿಯ ಕಬ್ಬಿನ ಗದ್ದೆ ಬಿಟ್ಟು ನಾನೂ ಹೋದೆ. ಕಲಿಸುವವರು ನಿಪ್ಪಾಣಿಯ ನಿವೃತ್ತ ಮಾಸ್ತರರು. ಅವರು ಛಾಪಿಸಿ ಹೊರತರುವ ದೀಪಾವಳಿ ಪುಸ್ತಕದಲ್ಲಿ ನಮ್ಮ ಪೈಕಿ ಒಬ್ಬರದೇ ಕತೆಗೆ ಜಾಗ. ಅದು ನನಗೇ ಬೇಕಿತ್ತು. ಆದರೆ ಅಥಣಿ ಕಡೆಯ ದ್ರಾಕ್ಷಿ ತೋಟದವನೊಬ್ಬ ಬಂದು ಪಕ್ಕದಲ್ಲೇ ಕೂತ.

೧. ಯಾರ ಪೈಕಿ?

"ಕತಿ ನಡುವಿನಿಂದ ಶುರು ಮಾಡ್ರಿ," ಎಂದರು ಮಾಸ್ತರರು.

ದ್ರಾಕ್ಷಿಯವನ ಮೊದಲ ಸಾಲಿನಲ್ಲೇ ಮದುಮಗ ಓಡಿಹೋಗಿದ್ದ. ಎಲ್ಲರೂ ಬಾಗಿ ಕೂತು ಕೇಳಿದರು. ನನ್ನದು ಕಾಕಾ ಬಾವಿಗೆ ಬಿದ್ದ ಪ್ರಸಂಗ. ಕಾಕಾ ಯಾರ ಪೈಕಿ, ಕಾಕುವಿನ ತವರು ಯಾವುದು, ಆ ಬೀಗರಿಗೂ ರಾಯಬಾಗದ ನಮ್ಮ ಅತ್ತೆಗೂ ಏನು ನಂಟು ಎಂದು ಹೇಳದೆ ನಮ್ಮ ಕಡೆ ಕತೆ ಮುಂದೆ ಹೋಗುವುದಾದರೂ ಹೇಗೆ? ಓದುತ್ತಾ ಊಟದ ಹೊತ್ತಾಯಿತು.

"ಕಾಕಾ ಬಾವ್ಯಾಗ ಯಾವಾಗ ಬೀಳ್ತಾನ್ರಿ?" ಎಂದರು ಮಾಸ್ತರರು.

"ಇನ್ನೂ ಅವನ ಲಗ್ನನ ಆಗಿಲ್ರಿ," ಎಂದೆ.

೨. ಚಾಟ್ನಿ

ಹೆಚ್ಚಾದದ್ದನ್ನು ಕತ್ತರಿಸಿ ತರಲು ಹೇಳಿದರು. ದ್ರಾಕ್ಷಿಯವನು ಅರ್ಧಕ್ಕರ್ಧ ಇಳಿಸಿ ತಂದು, "ಬಳ್ಳಿ ಚಾಟ್ನಿ ಮಾಡಿ ಮಾಡಿ ಕೈ ಪಳಗೇತ್ರಿ," ಎಂದ. ಬಳ್ಳಿ ಸವರುವುದಕ್ಕೆ ಅವರು ಚಾಟ್ನಿ ಅನ್ನುತ್ತಾರೆ. ಎಲ್ಲರೂ ಭೇಷ್ ಅಂದರು. ನಾನು ಅವತ್ತು ಊಟದ ಬುತ್ತಿ ಬಿಚ್ಚಲೇ ಇಲ್ಲ.

ನಾನೂ ಕತ್ತರಿಸಿದ್ದೆ. ಆದರೆ ಒಂದು ಮಾತು ತೆಗೆದರೆ, ಯಾಕೆ ತೆಗೆದೆ ಎಂದು ನಾಲ್ಕು ಮಾತು ಬರೆಯಬೇಕಾಗುತ್ತಿತ್ತು. ಮಾಸ್ತರರು ನನ್ನ ಹಾಳೆಗಳ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು.

"ನಿಮ್ಮದು ಕಬ್ಬ ಅಲ್ರಿ?"

"ಹೌದ್ರಿ."

"ಅದಕ್ಕ. ಕಡದಷ್ಟೂ ಬುಡದಿಂದ ಕುಳೆ ಚಿಗಿಯಾಕತ್ತೈತಿ."

೩. ಮುಕ್ತಾಯ

ಕೊನೆಯ ರವಿವಾರ ದ್ರಾಕ್ಷಿಯವನು ಹೊಸ ಕತೆ ಓದಿದ. ಬೇರೆಯವರನ್ನು ಹೊಗಳಿದರೆ ಊಟ ಬಿಡುವ ಒಬ್ಬ ಮನುಷ್ಯನ ಕತೆ. ಹೆಸರು ಬೇರೆ, ಊರು ಬೇರೆ. ಆದರೂ ಮಂದಿ ತಿರುತಿರುಗಿ ನನ್ನನ್ನೇ ನೋಡಿದರು.

"ಛಲೋ ಐತಿ. ಆದ್ರ ಮುಕ್ತಾಯ ಇಲ್ಲ. ಹಿಂಗ ಹೆಂಗ ಛಾಪಸಲಿ?" ಎಂದರು ಮಾಸ್ತರರು.

ನನಗೆ ಹೋದ ಜೀವ ಬಂತು. ಇವನನ್ನು ಇಲ್ಲೇ ಮುಗಿಸಬೇಕು ಎಂದು ಎದ್ದು ನಿಂತೆ.

"ಮುಕ್ತಾಯ ಅಷ್ಟ ಅಲ್ರಿ, ಆ ಮನಷ್ಯಾನೂ ಖರೇ ಅನಸೂದಿಲ್ಲ. ಇಷ್ಟ ಹೊಟ್ಟಿಕಿಚ್ಚಿನವ ಲೋಕದಾಗ ಎಲ್ಲೂ ಇಲ್ಲ. ಅವಂದ ಬಿಡ್ರಿ, ನಂದ ಛಾಪಸ್ರಿ."

ಮಂದಿ ಬಿದ್ದು ಬಿದ್ದು ನಕ್ಕರು. ದ್ರಾಕ್ಷಿಯವನೊಬ್ಬನೇ ನಗಲಿಲ್ಲ. ತಲೆ ಬಗ್ಗಿಸಿ ನಾನಂದದ್ದನ್ನೇ ಬರೆದುಕೊಳ್ಳುತ್ತಿದ್ದ.

"ಮುಕ್ತಾಯ ಸಿಕ್ತ್ರಿ," ಎಂದ.

ದೀಪಾವಳಿಗೆ ಪುಸ್ತಕ ಬಂತು. ಕತೆಯ ಮೇಲೆ ಹೆಸರು ಅವನದು. ಕೊನೆಯ ಸಾಲು ಪೂರ್ತಿ ನನ್ನದು.