ಮನಿ ಬಿಟ್ಟವರಿಗೆ ಕಾಯೂದು

ಗೋದಿ ಹುಗ್ಗಿ ಮಾಡಿಸಿ, ಅದಕ್ಕೆ ಧಾರಾಳವಾಗಿ ತುಪ್ಪ ಸುರಿಸಿ, ವಾಸನೆ ಎಲ್ಲರ ಮೂಗಿಗೂ ಬಡಿಯುವಂತೆ ಮುಚ್ಚಳ ತೆಗೆಸಿಟ್ಟು, ಆಮೇಲೆ ಇಡೀ ಬಂಧುಬಳಗವನ್ನು ಉಪವಾಸ ಕೆಡವುವ ವಿದ್ಯೆ ಎಷ್ಟು ಜನರಿಗೆ ಬರುತ್ತದೆ ಹೇಳಿ? ನಮ್ಮ ದೊಡ್ಡವ್ವನಿಗೆ ಬರುತ್ತದೆ! ಸೂರತ್ತಿನಲ್ಲಿ, ಪುಣೆಯಲ್ಲಿ, ಸೋಲಾಪುರದಲ್ಲಿ ಹೀಗೆ ಊರೂರು ತಿರುಗಿ ಜನರನ್ನು ಹಸಿವೆಯಿಂದ ನರಳಿಸಿದ ರಾಷ್ಟ್ರಮಟ್ಟದ ಅನುಭವ ಆಕೆಯದು.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ರಾಯಚೂರಿನ ಸರ್ಕಾರಿ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ. ಕೇಳಿದವರಿಗೆ, "ವಾರ್ಡ್ ತುಂಬ ಮಂದಿ ಇದ್ರು, ಮತ್ತೊಬ್ಬನ್ನ ಎಲ್ಲಿ ಮಲಗಸಲಿ?" ಎನ್ನುತ್ತಾಳೆ. ನಿವೃತ್ತಿಯಾದ ಮೇಲೆ ವಾರ್ಡು ಹೋಯಿತು. ಕೈಯಲ್ಲಿದ್ದ ಅಧಿಕಾರ ಎಲ್ಲಿಗೆ ಹೋಗಬೇಕು? ನಮ್ಮ ಮೇಲೆ ಬಂತು.

ನಮ್ಮ ಮೂಲ ಗುಂಜಹಳ್ಳಿ. ಮುತ್ತಜ್ಜನ ಕಾಲಕ್ಕೆ ಹೊಲದ ಕೂಲಿಯೇ ಗತಿ. ಅವನ ಮಕ್ಕಳಲ್ಲಿ ಒಬ್ಬ ರೈಲು ಹಳಿ ಹಾಕುವ ಗ್ಯಾಂಗಿನ ಜೊತೆ ಸೋಲಾಪುರಕ್ಕೆ ಹೋದ, ಒಬ್ಬ ಗಿರಣಿ ಕೆಲಸಕ್ಕೆಂದು ಸೂರತ್ತಿಗೆ, ಮತ್ತೊಬ್ಬ ಕಟ್ಟಡದ ಕಲ್ಲು ಹೊರಲು ಪುಣೆಗೆ. ಅವರ ಮಕ್ಕಳು ಮೊಮ್ಮಕ್ಕಳು ಈಗ ಮಾಸ್ತರರು, ಬ್ಯಾಂಕಿನವರು, ನರ್ಸುಗಳು. ಒಬ್ಬ ಜಮ್ಮುವಿನಲ್ಲಿ ಸೈನಿಕ. ಇವರನ್ನೆಲ್ಲ ಎರಡು ವರ್ಷಕ್ಕೊಮ್ಮೆ ಒಂದೂರಿನಲ್ಲಿ ಗುಡ್ಡೆ ಹಾಕುವುದೇ ದೊಡ್ಡವ್ವನ ಉದ್ಯೋಗ. ಅದನ್ನು 'ಮನೆ ಮಂದಿ ಸೇರುವುದು' ಎಂದೀರಿ, ಜೋಕೆ! 'ಗುಂಜಹಳ್ಳಿ ಮನೆತನದ ಅಖಿಲ ಭಾರತ ಸಮ್ಮೇಳನ' ಅಂತ ಬ್ಯಾನರು ಇರುತ್ತದೆ. ನನ್ನ ಗಂಡ ಆ ಬ್ಯಾನರು ನೋಡಿದಾಗಲೆಲ್ಲ, "ಎಲೆಕ್ಷನ್ ಗುರುತು ಒಂದು ಬಾಕಿ ಉಳದದ ನೋಡು" ಎಂದು ನನ್ನ ಕಿವಿಯಲ್ಲಿ ಹೇಳುತ್ತಾನೆ.

ಸಮ್ಮೇಳನದ ಬಾಗಿಲಲ್ಲಿ ಪನ್ನೀರು, ಹೂವು ಏನೂ ಇಲ್ಲ. ದೊಡ್ಡವ್ವ ಟಾರ್ಚು ಹಿಡಿದು ನಿಂತಿರುತ್ತಾಳೆ. "ನಾಲಿಗಿ ತಗಿ" ಎನ್ನುತ್ತಾಳೆ. ತೆಗೆಯಬೇಕು! ಪುಣೆಯ ಹುಡುಗಿಯನ್ನು ಮದುವೆಯಾದ ನಾಗಪುರದ ಹೊಸ ಅಳಿಯನಿಗೆ ಹೆಸರು ಕೇಳುವುದಕ್ಕೂ ಮೊದಲು ನಾಲಿಗೆ ಕೇಳಿದಳು. ಆ ಬಡಪಾಯಿ ಇದು ಕರ್ನಾಟಕದ ಪದ್ಧತಿ ಇರಬೇಕೆಂದುಕೊಂಡ. ಈಗಲೂ ನಮ್ಮ ಮನೆಗೆ ಬಂದರೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು, ನಾಲಿಗೆ ಹೊರಗೆ ಹಾಕಿ ನಿಲ್ಲುತ್ತಾನೆ. ನಾವೂ ಬೇಡವೆಂದು ಹೇಳಿಲ್ಲ.

ಭಾಷೆಯದು ಇನ್ನೊಂದು ಕಥೆ. ಸೂರತ್ತಿನವರಿಗೆ ಗುಜರಾತಿ, ಸೋಲಾಪುರದವರಿಗೆ ಮರಾಠಿ. ಕನ್ನಡ ಅಲ್ಲಲ್ಲಿ ಒಗ್ಗರಣೆಯಷ್ಟು. ದೊಡ್ಡವ್ವ ಮಾತ್ರ ಎಲ್ಲರೊಂದಿಗೂ ರಾಯಚೂರು ಮಾತನ್ನೇ ಆಡುತ್ತಾಳೆ. ತಿಳಿಯದಿದ್ದರೆ ಅದನ್ನೇ ಇನ್ನೂ ಜೋರಾಗಿ ಆಡುತ್ತಾಳೆ. "ದೊಡ್ಡವ್ವ, ಅವ್ರಿಗೆ ಕಿವಿ ಕೇಳಸ್ತದ, ಕನ್ನಡ ಬರಂಗಿಲ್ಲ ಅಷ್ಟ" ಎಂದರೆ, "ಬರಲಿ ಅಂತಾನ ಒದರಾಕತ್ತೀನಿ ಬೇ!" ಎಂಬ ಉತ್ತರ. ಸೂರತ್ತಿನ ಮಕ್ಕಳು ಈಗ ನಿಜವಾಗಿಯೂ ಕನ್ನಡ ಮಾತಾಡುತ್ತವೆ, ಆದರೆ ಕೂಗಿಯೇ ಮಾತಾಡುತ್ತವೆ.

ಇವನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಊಟದ ಕಾಯಿದೆ. ಬುದ್ಧವಂದನೆ ಆಯಿತು, ಹಿರಿಯರ ಭಾಷಣ ಆಯಿತು, ಎಲೆ ಹಾಕಿಯಾಯಿತು. ಆದರೆ ಸಮ್ಮೇಳನಕ್ಕೆಂದು ಮನೆ ಬಿಟ್ಟು ಹೊರಟವರಲ್ಲಿ ಒಬ್ಬರು ದಾರಿಯಲ್ಲಿದ್ದರೂ ಊಟ ಇಲ್ಲ! ಪುಣೆಯಲ್ಲಿ ಜಮ್ಮುವಿನ ಸೈನಿಕನ ರೈಲು ಎಲ್ಲೋ ನಿಂತುಬಿಟ್ಟಿತ್ತು. ಮಧ್ಯಾಹ್ನದ ಊಟ ಚಹಾದ ಹೊತ್ತಿಗೆ ಹೋಯಿತು, ಚಹಾದ ಹೊತ್ತು ದೀಪ ಹಚ್ಚುವ ಹೊತ್ತಾಯಿತು. ವೇದಿಕೆಯ ಪರದೆಯ ಹಿಂದೆ ಹಿರಿಯರೆಲ್ಲ ಮುಖ ಆ ಕಡೆ ಮಾಡಿ ಬಾಳೆಹಣ್ಣು ನುಂಗುತ್ತಿದ್ದರು. ಅಡುಗೆಯವನು ಸಿಟ್ಟಾಗಿ ಸೌಟು ಬಿಸಾಕಿದ. ಕೊನೆಗೆ ಸೈನಿಕ ಬಂದ. ಬಂದವನೇ, "ನಾ ಗಾಡ್ಯಾಗನ ಉಂಡೀನಿ ಅಮ್ಮಾ" ಎಂದ! ಅವತ್ತು ಅವನು ಗಡಿಯಲ್ಲಿ ಎದುರಿಸದಷ್ಟು ಅಪಾಯವನ್ನು ಪುಣೆಯಲ್ಲಿ ಎದುರಿಸಿದ.

ಈ ಹುಚ್ಚು ಕಾಯಿದೆ ಎಲ್ಲಿಂದ ಬಂತೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಿಮಗೆ ಹೇಳುತ್ತೇನೆ. ದೊಡ್ಡವ್ವನಿಗೆ, ನಮ್ಮವ್ವನಿಗೆ ಒಬ್ಬನೇ ತಮ್ಮ, ದೇವದುರ್ಗದ ನನ್ನ ಮಾವ. ಅವರ ತಾಯಿ ಅಂದರೆ ನನ್ನ ಅಜ್ಜಿ ತೀರಿಕೊಂಡಾಗ ಅವನು ಬುದ್ಧ ಪೂರ್ಣಿಮೆಗೆಂದು ನಾಗಪುರಕ್ಕೆ ಹೋಗಿದ್ದ. "ಹೊಂಟೀನಿ, ಕಾಯ್ರಿ" ಎಂದು ಫೋನಿನಲ್ಲಿ ಹೇಳಿದ. ರೈಲು ತಡವಾಯಿತು. ರಾಯಚೂರಿನ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಲ್ಲ. ಮರುದಿನ ಮಧ್ಯಾಹ್ನದವರೆಗೆ ಕಾಯ್ದ ದೊಡ್ಡವ್ವ ನರ್ಸಿನ ದನಿಯಲ್ಲಿ, "ಇನ್ನ ಇಡಾಕ ಬರಂಗಿಲ್ಲ, ಎತ್ರಿ" ಎಂದಳು. ನಾವು ಮಣ್ಣು ಮಾಡಿ ಬಂದು ಕೈಕಾಲು ತೊಳೆಯುತ್ತಿದ್ದಾಗ ಮಾವ ಆಟೋದಿಂದ ಇಳಿದ. "ನಾ ಮನಿ ಬಿಟ್ಟು ಹಾದ್ಯಾಗ ಇದ್ದೆ. ನನಗ ಕಾಯಲಿಲ್ಲ ನೀನು. ಅವ್ವನ ಮಾರಿ ಸೈತ ಉಳಸಲಿಲ್ಲ" ಎಂದವನು ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟ. ಅದಾದ ಮುಂದಿನ ವರ್ಷವೇ ಈ ಅಖಿಲ ಭಾರತ ಶುರುವಾಯಿತು.

ಹಾಗಾಗಿ ಜಮ್ಮುವಿನವರು ಬರುತ್ತಾರೆ, ಸೂರತ್ತಿನವರು ಬರುತ್ತಾರೆ, ದೇವದುರ್ಗದ ಮಾವ ಮಾತ್ರ ಬರುವುದಿಲ್ಲ. ಅತ್ತೆ ಬರುತ್ತಾಳೆ, ಪ್ರತಿ ಸಲ ಒಂದು ಹೊಸ ಕಾಯಿಲೆ ಹೊತ್ತು ತರುತ್ತಾಳೆ. "ಅವ್ರಿಗೆ ಮೊಣಕಾಲು ಹಿಡದದ ರೀ", "ಅವ್ರಿಗೆ ಪಿತ್ತ ಆಗ್ಯದ ರೀ". ದೊಡ್ಡವ್ವ ಆಯಾ ಕಾಯಿಲೆಗೆ ತಕ್ಕ ಗುಳಿಗೆ ಕಟ್ಟಿ ಕೊಡುತ್ತಾಳೆ. ಮಾವ ಒಂದನ್ನೂ ನುಂಗಿಲ್ಲ, ಒಂದನ್ನೂ ಎಸೆದಿಲ್ಲ. ಅವನ ಕಪಾಟಿನಲ್ಲಿ ಈಗ ದೇವದುರ್ಗದ ಅತಿ ದೊಡ್ಡ ಔಷಧದ ಅಂಗಡಿ ಇದೆಯೆಂದು ಅತ್ತೆಯ ವರದಿ.

ಸೋಲಾಪುರದಲ್ಲಿ ಒಬ್ಬ ಚೇಷ್ಟೆಗಾರ, ಹಸಿವು ತಡೆಯದೆ, "ದೇವದುರ್ಗದ ಕಾಕಾ ಬಂದಿಲ್ಲ, ಅವ್ರಿಗೂ ಕಾಯೋಣೇನ್ರಿ?" ಎಂದು ಕೇಳಿಯೇಬಿಟ್ಟ. ದೊಡ್ಡವ್ವ ಅವನನ್ನು ಒಂದು ಗಳಿಗೆ ನೋಡಿ, "ಅಂವ ಮನಿ ಬಿಟ್ಟಿಲ್ಲ. ಮನಿ ಬಿಟ್ಟೋರಿಗೆ ಅಷ್ಟ ಕಾಯೂದು" ಎಂದು ಹೇಳಿ ಬಡಿಸಲು ಸನ್ನೆ ಮಾಡಿದಳು. ಆ ದಿನ ಆಕೆ ಮಾತ್ರ ಸರಿಯಾಗಿ ಉಣ್ಣಲಿಲ್ಲ.

ಸಮ್ಮೇಳನದ ಊರುಗಳನ್ನು ಮೊದಲು ಗಮನಿಸಿದ್ದು ನನ್ನ ಗಂಡ. ಮೊದಲು ಸೂರತ್ತು, ಆಮೇಲೆ ಪುಣೆ, ಆಮೇಲೆ ಸೋಲಾಪುರ, ಆಮೇಲೆ ರಾಯಚೂರು. "ನಿಮ್ಮ ದೊಡ್ಡವ್ವ ದೇಶ ಸುತ್ತಾಕತ್ತಿಲ್ಲ, ದೇವದುರ್ಗಕ್ಕ ಮುತ್ತಿಗಿ ಹಾಕಾಕತ್ತಾಳ" ಎಂದ. ಹೌದಲ್ಲ! ಮುಂದಿನ ಸಮ್ಮೇಳನ ಎಲ್ಲಿ ಎಂದು ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ, ದೇವದುರ್ಗ! ಅದೂ ಮಾವನ ಮನೆಯ ಹಿಂದಿನ ಬೀದಿಯ ಫಂಕ್ಷನ್ ಹಾಲ್! ಜಮ್ಮುವಿನವನು ರೈಲು ಎಲ್ಲಿಯವರೆಗೆ ಬರುತ್ತದೆಂದು ಕೇಳಿದ. "ರಾಯಚೂರಿಗೆ ಬಾ, ಅಲ್ಲಿಂದ ನಾ ಹೊತಗೊಂಡು ಹೋಗತೀನಿ" ಎಂದಳು ದೊಡ್ಡವ್ವ.

ಹಿಂದಿನ ದಿನವೇ ಮೈಕಿನ ಹಾರ್ನನ್ನು ತಾನೇ ನಿಂತು ಕಟ್ಟಿಸಿದಳು. ಹಾರ್ನಿನ ಬಾಯಿ ಹಾಲಿನ ಕಡೆ ಇರಲಿಲ್ಲ, ಮಾವನ ಕಿಟಕಿಯ ಕಡೆ ಇತ್ತು. "ಇದ್ಯಾಕ್ರಿ ಯವ್ವಾ ಹಿಂಗ?" ಎಂದ ಮೈಕಿನವನಿಗೆ, "ಗಾಳಿ ಆ ಕಡಿಗೆ ಅದ" ಎಂದಳು.

ಬೆಳಿಗ್ಗೆ ಅತ್ತೆ ಬಂದಳು. ಮಾನ್ವಿಗೆ ಕೊಟ್ಟ ಮಾವನ ಮಗಳು ಗಂಡನ ಜೊತೆ ಬಂದಳು. ಕಲ್ಲೂರಿನ ದಾಯಾದಿಗಳು, ಕುರ್ಡಿಯ ಬೀಗರು ಟ್ರ್ಯಾಕ್ಸ್ ಜೀಪಿನಲ್ಲಿ ಬಂದಿಳಿದರು. ಮಾವ ಎಲ್ಲಿ? "ಎದ್ದವರೇ ಮೊದಲನೇ ಬಸ್ ಹತ್ತಿ ಹೋದ್ರು ರೀ. ಎಲ್ಲಿಗೆ ಅಂತ ಹೇಳಲಿಲ್ಲ" ಎಂದಳು ಅತ್ತೆ, ಈ ಸಲ ಕಾಯಿಲೆ ಹೇಳದೆ. ದೊಡ್ಡವ್ವ ಕೈಲಿದ್ದ ಟಾರ್ಚು ಆರಿಸಿದಳು. ಅದಾದ ಮೇಲೆ ಬಂದವರು ಯಾರೂ ನಾಲಿಗೆ ತೋರಿಸಬೇಕಾಗಲಿಲ್ಲ. ಇಷ್ಟು ವರ್ಷ ದೇಶವನ್ನೇ ಎಳೆದು ತಂದು ತಮ್ಮನ ಬಾಗಿಲಿಗೆ ನಿಲ್ಲಿಸಿದರೆ ಅವನು ಹಿತ್ತಿಲ ದಾರಿ ಹಿಡಿದಿದ್ದ.

ಎಲೆ ಹಾಕುವ ಹೊತ್ತಿಗೆ ಮಾವನ ಮಗಳ ಫೋನು ಹೊಡೆದುಕೊಂಡಿತು. ಗದ್ದಲಕ್ಕೆ ಕೇಳಿಸದೆ ಅವಳು ಸ್ಪೀಕರ್ ಹಾಕಿದಳು.

"ಯವ್ವಾ, ನಿಮ್ಮ ಮನಿ ಕೀಲಿ ಎಲ್ಲಿಟ್ಟೀ?"

"ಯಪ್ಪಾ, ಎಲ್ಲಿದ್ದೀ ನೀನು?"

"ಮಾನ್ವಿ ಬಸ್ ಸ್ಟ್ಯಾಂಡಿನಾಗ. ಕಲ್ಲೂರಿಗೆ ಹೋದೆ, ಅವ್ರ ಮನಿಗೆ ಕೀಲಿ. ಕುರ್ಡಿಗೆ ಹೋದೆ, ಅಲ್ಲೂ ಕೀಲಿ. ನಿಮ್ಮನಿಗೆ ಬಂದ್ರ ಇಲ್ಲೂ ಕೀಲಿ. ಊರ ಮಂದಿ ಎಲ್ಲಾ ಎಲ್ಲಿ ಸತ್ತೀರಿ?"

ಸಮ್ಮೇಳನ ತಪ್ಪಿಸಿಕೊಳ್ಳಲು ನೆಂಟರ ಮನೆಗೆ ಓಡಿದ ಮನುಷ್ಯ, ನೆಂಟರೆಲ್ಲ ಸಮ್ಮೇಳನದಲ್ಲೇ ಇರುತ್ತಾರೆಂಬುದನ್ನು ಮರೆತಿದ್ದ! "ಅಲ್ಲೇ ಕುಂದ್ರು ಯಪ್ಪಾ, ಕೀಲಿ ಕಳಸ್ತೀನಿ" ಎಂದು ಮಗಳು ಫೋನಿಟ್ಟಳು. ಹಾಲಿನಲ್ಲಿ ನಗೆ ಎದ್ದಿತು. ದೊಡ್ಡವ್ವ ನಗಲಿಲ್ಲ. ಕುರ್ಚಿಯಿಂದ ಎದ್ದು ಸೆರಗು ಸಿಕ್ಕಿಸಿದಳು.

"ಅಂವ ಮನಿ ಬಿಟ್ಟಾನ" ಎಂದಳು.

"ಹೌದು, ಆದ್ರ ಇಲ್ಲಿಗೆ ಬರಾಕಲ್ಲ..." ಎಂದು ನನ್ನ ಗಂಡ ಕಾನೂನು ಹೇಳಲು ಹೋದ.

"ಮನಿ ಬಿಟ್ಟೋರಿಗೆ ಕಾಯಬೇಕು. ಎಲ್ಲಿಗೆ ಹೊಂಟಾರ ಅಂತ ಕೇಳಾಕ ನೀ ಯಾರು, ಕಂಡಕ್ಟರೇನು? ಎಲಿ ಎತ್ರಿ. ಹುಗ್ಗಿ ಟೆಂಪೋದಾಗ ಇಡ್ರಿ. ಬಸ್ ಹತ್ರಿ ಎಲ್ಲಾರೂ!"

"ಯವ್ವಾ, ಹುಗ್ಗಿ ಆರತದ" ಎಂದ ಅಡುಗೆಯವನು.

"ಆರಿದ್ರ ಬಿಸಿ ಮಾಡಾಕ ಬರತದ" ಎಂದಳು. ಮುಂದೆ ಏನೋ ಹೇಳಲು ಹೋಗಿ ನಿಲ್ಲಿಸಿ, ನಮ್ಮನ್ನು ರಾಯಚೂರಿನಿಂದ ತಂದಿದ್ದ ಬಾಡಿಗೆ ಬಸ್ಸನ್ನು ತಾನೇ ಮೊದಲು ಹತ್ತಿದಳು.

ಅಖಿಲ ಭಾರತ ಸಮ್ಮೇಳನ ಬ್ಯಾನರಿನ ಸಮೇತ ಮಾನ್ವಿ ಬಸ್ ನಿಲ್ದಾಣದಲ್ಲಿ ಇಳಿಯಿತು. ಮಾವ ಒಂದು ಬೆಂಚಿನ ಮೇಲೆ ಮಿರ್ಚಿ, ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತಿದ್ದ. ತಲೆ ಎತ್ತಿ ನೋಡುತ್ತಾನೆ, ಸುತ್ತಲೂ ಗುಂಜಹಳ್ಳಿ ಮನೆತನ! ಸೂರತ್ತಿನವರು ಕಾಲಿಗೆ ಬಿದ್ದರು, ಸೋಲಾಪುರದವರು ಹಿಂದೆ ನಿಂತರು, ಸೈನಿಕ ಸೆಲ್ಯೂಟ್ ಹೊಡೆದ. ಓಡಿಹೋಗಲು ಬಸ್ಸುಗಳೇನೋ ಬೇಕಾದಷ್ಟಿದ್ದವು, ಅವುಗಳವರೆಗೆ ದಾರಿ ಮಾತ್ರ ಇರಲಿಲ್ಲ.

ದೊಡ್ಡವ್ವ ಮುಂದೆ ಬಂದು ಅವನ ಮುಂಗೈ ಹಿಡಿದು ತನ್ನ ಗಡಿಯಾರ ನೋಡತೊಡಗಿದಳು.

"ನಾಡಿ ಜೋರ್ ಅದ" ಎಂದಳು.

"ಇಷ್ಟ ಮಂದಿ ಬೆನ್ನ ಹತ್ತಿದ್ರ ಜೋರ್ ಆಗದ ಏನ್ ಆಗತದ?" ಎಂದ ಮಾವ. ಅಷ್ಟು ವರ್ಷಗಳ ಮೇಲೆ ಅಕ್ಕನಿಗೆ ಅವನು ಆಡಿದ ಮೊದಲ ಮಾತು.

ನಾಡಿ ನೋಡಿಯಾದರೂ ದೊಡ್ಡವ್ವ ಕೈ ಬಿಡಲಿಲ್ಲ. ವಾರ್ಡು ನಡುಗಿಸಿದ ಆ ದನಿ ಎಲ್ಲಿ ಹೋಯಿತೋ, ಪಕ್ಕದಲ್ಲಿದ್ದ ನನಗೇ ಕಷ್ಟಪಟ್ಟು ಕೇಳಿಸಿತು: "ಅವತ್ತ ಕಾಯಬೇಕಾಗಿತ್ತೋ ತಮ್ಮಾ. ನನಗ ತಿಳೀಲಿಲ್ಲ."

ಮಾವ ಪೊಟ್ಟಣ ಸರಿಸಿ ಬೆಂಚಿನ ಮೇಲೆ ಜಾಗ ಮಾಡಿದ. ಆಕೆ ಕೂತಳು. ನೆಲ ನೋಡುತ್ತ ಅವನು ಕೇಳಿದ, "ಯಕ್ಕಾ, ಅವ್ವನ ಮಾರಿ ಹೆಂಗಿತ್ತು?"

ಇದನ್ನು ಕೇಳಲು ಅವನಿಗೆ ಬೇರೆ ಯಾರೂ ಇರಲಿಲ್ಲವೆಂದು ನನಗೆ ಆಗ ಹೊಳೆಯಿತು. ಕೊನೆಗೆ ಆ ಮುಖ ತೊಳೆದು ಒರೆಸಿದವಳು ಆಕೆಯೊಬ್ಬಳೇ.

"ಮಕ್ಕೊಂಡಂಗ ಇತ್ತು" ಎಂದಳು ದೊಡ್ಡವ್ವ. "ಎಣ್ಣಿ ಹಚ್ಚಿ ತಲಿ ಬಾಚಿದ್ದೆ. ಆಕಿಗೆ ಎಡಕ್ಕ ಬೈತಲಿ ಬೇಕಲ್ಲ, ನಾ ಗಡಿಬಿಡ್ಯಾಗ ನಡುವ ತಗದೆ. ಆಮ್ಯಾಲೆ ನೆನಪಾತು. ಮತ್ತ ಬಿಚ್ಚಿ, ಎಡಕ್ಕ ತಗದೆ. ನೀ ಬರತೀ ಏನೋ ಅಂತ, ಸಾವಕಾಶ ಬಾಚಿದೆ."

ಮಾವ ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ದೊಡ್ಡವ್ವ ಅವನ ಬೆನ್ನ ಮೇಲೆ ಕೈಯಿಟ್ಟು, ಬಸ್ಸುಗಳು ಬಂದು ಹೋಗುವುದನ್ನು ನೋಡುತ್ತ ಕೂತಳು. ಆಕೆಯ ಕಣ್ಣಿಂದಲೂ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೊತ್ತು ಏರಿತ್ತು, ಎಲ್ಲರ ಹೊಟ್ಟೆಯೂ ಚುರುಗುಟ್ಟುತ್ತಿತ್ತು. ಊಟ ಯಾವಾಗ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.