ಮಾವ ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕೇಳಿದರು

ಜನ ತಮಗೆ ಬೇಕಾದ ಮಾಹಿತಿಯನ್ನು ಎಲ್ಲಿ ಹುಡುಕುತ್ತಾರೆ, ಯಾರನ್ನು ಕೇಳುತ್ತಾರೆ, ಯಾರ ಮಾತು ನಂಬುತ್ತಾರೆ ಅನ್ನುವುದೇ ನನ್ನ ಸಂಶೋಧನೆ. ಕಾಲೇಜಿನಲ್ಲಿ ಪಾಠ ಮಾಡುವುದೂ ಅದನ್ನೇ. ಇಂಥ ಕೆಲಸದವರಿಗೆ ರಜೆ ಅನ್ನುವುದಿಲ್ಲ. ಬೀದಿಗೆ ಬಂದರೂ ಏನಾದರೊಂದು ಆಗುತ್ತದೆ, ಮನೆಗೆ ಹೋದರೂ ಆಗುತ್ತದೆ. ಬಹಳ ಸಲ ನನ್ನ ತಲೆಯ ಮೇಲೇ ಆಗುತ್ತದೆ.

ಈ ವರ್ಷವೆಲ್ಲ ನನ್ನ ಮನಸ್ಸಿನಲ್ಲಿದ್ದದ್ದು ಮಾವನವರ ಕಣ್ಣು. ಗದಗದವರು, ಈಗ ಕಾಕ್ಸ್ ಟೌನಿನಲ್ಲಿ ನಮ್ಮ ಜೊತೆ ಇದ್ದಾರೆ. ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಅಂತ ಡಾಕ್ಟರು ಹೇಳಿದ್ದರು. ಮಾವ ಸುತರಾಂ ಒಪ್ಪಿರಲಿಲ್ಲ.

ಬೋರ್ಡಿನ ಕೆಳಗೆ

ಊರಿಗೆ ಹೊಸಬರು ತಮ್ಮ ಬಸ್ಸನ್ನು ಹೇಗೆ ಹುಡುಕುತ್ತಾರೆ ಅಂತ ನೋಡಲು ವಿದ್ಯಾರ್ಥಿನಿಯೊಬ್ಬಳ ಜೊತೆ ಶಿವಾಜಿನಗರದ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಅವಳು ಒಂದು ಕಂಬದ ಹತ್ತಿರ ಬರೆದುಕೊಳ್ಳುತ್ತಾ ನಿಂತಳು. ನಾನು ದೊಡ್ಡ ಬೋರ್ಡಿನ ಕೆಳಗೆ ಕೈಕಟ್ಟಿ ನಿಂತೆ.

ಒಬ್ಬರು ಬಂದು, "ಮೇಡಂ, ಕೆ.ಆರ್. ಪುರಂ ಬಸ್ ಎಲ್ಲಿ ಬರುತ್ತೆ?" ಅಂದರು. ಬೋರ್ಡು ತೋರಿಸಿದೆ. ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು. "ಅದಿರ್ಲಿ, ನೀವು ಹೇಳಿ" ಅಂದರು. ಹೇಳಿದೆ. ಅಷ್ಟಕ್ಕೇ ಹಿಂದೆ ಕ್ಯೂ ಬೆಳೆಯಿತು. ಮಾರತ್ತಹಳ್ಳಿ ಬಸ್ಸು ತಪ್ಪಿಸಿಕೊಂಡ ಒಬ್ಬರು, "ಇವ್ರಿಗೆ ಸಂಬಳ ಬೇರೆ ಕೇಡು" ಅಂತ ನನ್ನನ್ನೇ ಬೈದು ಹೋದರು.

ಸಂಜೆ ವಿದ್ಯಾರ್ಥಿನಿಯ ಟಿಪ್ಪಣಿ ಓದಿದೆ. "ಜನ ಬೋರ್ಡು ಓದುವುದಿಲ್ಲ. ಕೆಲಸವಿಲ್ಲದೆ ಕಾಣುವವರನ್ನು ಕೇಳುತ್ತಾರೆ. ಇಂದು ಅಂಥವರು ಮೇಡಂ ಒಬ್ಬರೇ ಇದ್ದರು."

ಹಲಸೂರಿನ ಸಂದರ್ಶನ

ಗೃಹಿಣಿಯರು ಮನೆಗೆ ಬೇಕಾದ ವಿಷಯಗಳನ್ನು ಹೇಗೆ ತಿಳಿದುಕೊಳ್ಳುತ್ತಾರೆ ಅಂತ ಕೇಳಲು ಹಲಸೂರಿನ ಒಂದು ಮನೆಗೆ ಹೋದೆ. ಯಜಮಾನಿ ಕಾಫಿ ಕೊಟ್ಟು ಎದುರಿಗೆ ಕೂತರು. ರೆಕಾರ್ಡರ್ ಆನ್ ಮಾಡಿ, "ನಿಮಗೆ ಏನಾದ್ರೂ ತಿಳ್ಕೋಬೇಕು ಅಂದ್ರೆ ಏನ್ ಮಾಡ್ತೀರಿ?" ಅಂತ ಶುರು ಮಾಡಿದೆ.

"ನನಗೇನ್ರೀ ತಿಳ್ಕೋಬೇಕು, ಮನೇಲೇ ಇರೋಳು" ಅಂದರು. "ನಿಮ್ಮನೇಲಿ ಯಾರ್ಯಾರಿದಾರೆ?"

ಹೇಳಿದೆ. ಅಡುಗೆ ಯಾರು ಮಾಡುತ್ತಾರೆ, ಒಂದೇ ಮಗು ಯಾಕೆ, ನಾದಿನಿ ಬಂದು ಹೋಗುತ್ತಾಳಾ ಅಂತೆಲ್ಲ ಕೇಳಿದರು. ಅದಕ್ಕೂ ಹೇಳಿದೆ. ಮಾವನ ಕಣ್ಣಿನ ವಿಷಯ ಬಂದಾಗ ರೆಕಾರ್ಡರ್ ಮರೆತು ಎಲ್ಲ ತೋಡಿಕೊಂಡೆ. ಅವರು ಇನ್ನೊಂದು ಲೋಟ ಕಾಫಿ ಕೊಟ್ಟರು.

ಮಾರನೆಯ ದಿನ ರೆಕಾರ್ಡಿಂಗನ್ನು ಬರಹಕ್ಕಿಳಿಸುತ್ತಿದ್ದ ಸಹಾಯಕ ಹೆಡ್‌ಫೋನ್ ತೆಗೆದು ಕೇಳಿದ: "ಮೇಡಂ, ಸಂದರ್ಶನ ತುಂಬಾ ಚೆನ್ನಾಗಿದೆ. ಪ್ರಶ್ನೆ ಕೇಳ್ತಿರೋ ಪ್ರೊಫೆಸರ್ ಯಾರು?"

ನಲ್ಲಿ ರಿಪೇರಿ

ಮಾವ ಆಪರೇಷನ್ ಬಗ್ಗೆ ಯಾರನ್ನೂ ಕೇಳುತ್ತಿರಲಿಲ್ಲ ಅಂತಲ್ಲ. ಎಳನೀರಿನವನನ್ನು ಕೇಳಿದರು. ಸಹಿ ಹಾಕಿಸಿಕೊಳ್ಳಲು ಬಂದ ನನ್ನ ವಿದ್ಯಾರ್ಥಿಯನ್ನು ಕೇಳಿದರು. ಅಡುಗೆಮನೆಯಲ್ಲಿ ನಲ್ಲಿ ಬಿಚ್ಚಿ ಕೂತ ಪ್ಲಂಬರನ್ನು ಕೇಳಿದಾಗ ನನಗೆ ತಡೆಯಲಾಗಲಿಲ್ಲ.

"ಮಾವ, ಅವರಿಗೆ ಕಣ್ಣಿನ ವಿಷಯ ಏನು ಗೊತ್ತು? ನಾನು ಮೂರು ಡಾಕ್ಟರ ಹತ್ರ ಕೇಳ್ಕೊಂಡು ಬಂದಿದೀನಿ."

"ಅವ ಮನಿಮನಿಗೆ ಹೋಗ್ತಾನವಾ. ನಾಕ್ ಮಂದಿ ಕಣ್ಣು ನೋಡಿರ್ತಾನ. ನೀ ಬರೇ ಕಾಲೇಜಿಗೆ ಹೋಗ್ತಿ."

ಪ್ಲಂಬರ್ ಸಿಂಕಿನ ಕೆಳಗಿನಿಂದಲೇ ಗಂಭೀರವಾಗಿ, "ಸದ್ಯಕ್ಕೆ ಬೇಡ ಯಜಮಾನ್ರೇ" ಅಂದ.

ಆ ವಾರವೇ ಮಾವ ರಸ್ತೆ ದಾಟುವಾಗ ಆಟೋಗೆ ಸಿಕ್ಕಿಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಅವರು ಆಟೋದವನಿಗೇ ಬೈದು ಬಂದರು. ಅವರನ್ನು ಕಂಡರೆ ನನಗೆ ಎಷ್ಟು ಸಿಟ್ಟೋ ಅಷ್ಟೇ ಪ್ರೀತಿ. ಪ್ಲಂಬರ್ ಹಾಕಿದ ನಲ್ಲಿ ಇವತ್ತಿಗೂ ಸೋರುತ್ತಿದೆ.

ಬೇಕರಿ ಬೆಂಚು

ಆಗ ಶಿವಾಜಿನಗರದ ಟಿಪ್ಪಣಿ ನೆನಪಾಯಿತು. ಮಾವನ ಕಣ್ಣಿಗೆ ಕೆಲಸವಿಲ್ಲದೆ ಕಾಣುವವರು ಯಾರು? ಬೇಕರಿ ಬೆಂಚಿನ ಸಾಹೇಬರು! ಶಿವಾಜಿನಗರದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದು, ಈಗ ವ್ಯಾಪಾರವನ್ನು ಮಗನಿಗೆ ಒಪ್ಪಿಸಿದವರು. ಮಾವ ದಿನಾ ಸಂಜೆ ಅವರ ಪಕ್ಕ ಕೂತು ಬನ್ನು ತಿನ್ನುತ್ತಾರೆ.

ಒಂದು ಬೆಳಿಗ್ಗೆ ಸಾಹೇಬರನ್ನು ಒಬ್ಬರೇ ಇರುವಾಗ ಹಿಡಿದು, ಡಾಕ್ಟರು ನನಗೆ ಹೇಳಿದ್ದನ್ನೆಲ್ಲ ಪಾಠದ ಹಾಗೆ ಹೇಳಿ, ಇದನ್ನು ಮಾವನಿಗೆ ನೀವೇ ಹೇಳಬೇಕು ಅಂದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಇಷ್ಟೇನಾ ಬೇಟಿ? ಹೇಳಿಬಿಡ್ತೀನಿ. ಆದ್ರೆ ನಾನು ನನ್ನ ಸ್ಟೈಲಲ್ಲಿ ಹೇಳ್ತೀನಿ" ಅಂದರು.

ಸಂಜೆ ಮಾವ ಚಪ್ಪಲಿ ಬಿಡುತ್ತಲೇ ಶುರು ಮಾಡಿದರು. "ನೋಡವಾ, ಹೊಲಿಗಿ ಹಾಕೂದಿಲ್ಲ. ಅವತ್ತ ಮನಿಗೆ ಕಳಸ್ತಾರ. ಸಾಹೇಬರು ಹೇಳ್ಯಾರ. ಅವರ ಭಾವಗ ಆಪರೇಷನ್ ಆದಮ್ಯಾಲೆ ಮಾಳಿಗಿ ಮ್ಯಾಲಿಂದ ಮಸೀದಿ ಗಡಿಯಾರ ಕಾಣತದಂತ. ಇಷ್ಟ ವರ್ಷ ಓದಿದಿ, ನಿನಗ ಇದು ಗೊತ್ತಿಲ್ಲೇನ?"

"ಗೊತ್ತಿರಲಿಲ್ಲ ಮಾವ" ಅಂದೆ. ಗಡಿಯಾರದ ವಿಷಯ ನಿಜಕ್ಕೂ ಗೊತ್ತಿರಲಿಲ್ಲ.

ಆಪರೇಷನ್ ಸುಸೂತ್ರವಾಗಿ ಆಯಿತು. ಮಾವ ಮನೆಗೆ ಬಂದವರೇ ತಲೆಯೆತ್ತಿ ನೋಡಿ, "ಈ ಜ್ಯಾಡರ ಬಲಿ ಯಾವಾಗಿಂದ ಐತಿ?" ಅಂದರು. ನಾನು ಒಳಗೆ ಹೋಗಿ ಸಂತೋಷಕ್ಕೆ ಅತ್ತೆ. ಆಮೇಲೆ ಪೊರಕೆ ತಂದೆ.

ಡಾಕ್ಟರು ಓಡಾಡಬಹುದು ಅಂದ ಮೇಲೆ ಮಾವ ನನ್ನನ್ನು ಬೇಕರಿಗೆ ಕರೆದುಕೊಂಡು ಹೋದರು. "ಸಾಹೇಬರ, ಇವಳು ನಮ್ಮ ಸೊಸಿ. ಮಂದಿ ಯಾರನ್ನ ಕೇಳ್ತಾರ, ಯಾರನ್ನ ನಂಬ್ತಾರ ಅಂತ ಕಾಲೇಜಿನಾಗ ಕಲಸ್ತಾಳ. ನಿಮ್ಮಂಥವರ ಹತ್ರ ಸ್ವಲ್ಪ ಕಲೀಲಿ ಅಂತ ಕರ್ಕೊಂಡ್ ಬಂದೆ" ಅಂದು, ಬನ್ನು ತರಲು ಒಳಗೆ ಹೋದರು.

ಸಾಹೇಬರು ಬೆಂಚಿನ ಮೇಲೆ ನನ್ನ ಕಡೆಗೆ ಜರುಗಿದರು.

"ಬೇಟಿ, ನಿಮ್ಮ ಮಾವ ನಿನ್ನೆಯಿಂದ ಮಂಡಿ ನೋವಿಗೆ ಏನ್ ಮಾಡ್ಬೇಕು ಅಂತ ಕೇಳ್ತಾ ಇದಾರೆ. ನನಗೆ ಏನೇನು ಗೊತ್ತು ಅಂತ ಬೇಗ ಹೇಳಿಬಿಡು, ಬಂದ್ರು!"