ಚಪ್ಪಲಿಗಳ ಪಾಳಿ

ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ಥಳ, ಇಚಲಕರಂಜಿ ಕಡೆಯ ಒಂದು ಸರ್ಕಾರಿ ದವಾಖಾನೆಯ ಕಣ್ಣಿನ ವಿಭಾಗ. ಹಾಜರಿದ್ದವರು: ನಾನು, ನನ್ನ ಹೆಂಡತಿ ಗೌರವ್ವ ಮತ್ತು ಹನ್ನೊಂದು ಜೋಡಿ ಚಪ್ಪಲಿ.

ಶಿಸ್ತು ನನಗಿರುವ ಒಂದೇ ಚಟ. ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ಮೂವತ್ತು ವರ್ಷ ಕೆಲಸಗಾರರ ಹಾಜರಿ ಬರೆದವನು ನಾನು. ನಿವೃತ್ತನಾದ ಮೇಲೆ ಹಾಜರಿ ಹಾಕಲು ಸಿಕ್ಕವಳು ಗೌರವ್ವ ಒಬ್ಬಳೇ. ಅವಳ ಕಣ್ಣಿಗೆ ಪೊರೆ ಬಂದಿದೆ. ಅಕ್ಕಿಯಲ್ಲಿ ಅವಳ ಕಣ್ಣಿಗೆ ಸಿಗದ ಹರಳು ನನ್ನ ಹಲ್ಲಿಗೆ ತಪ್ಪದೆ ಸಿಗುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಲೆನ್ಸುಗಳ ದರಪಟ್ಟಿ ತೋರಿಸಿದಾಗ ನನ್ನ ಕಣ್ಣೂ ಮಂಜಾಯಿತು. ಸರ್ಕಾರದ ಯೋಜನೆಯಲ್ಲಿ ಆಪರೇಷನ್ ಪುಕ್ಕಟೆ. ಆದರೆ ಕಣ್ಣಿನ ಡಾಕ್ಟರು ಕೊಲ್ಹಾಪುರದಿಂದ ಬರುವುದು ಮಂಗಳವಾರ ಮಾತ್ರ. ಹತ್ತಕ್ಕೆ ಕೂತು ಒಂದು ಗಂಟೆಗೆ ಎದ್ದುಬಿಡುತ್ತಾರೆ. ಅಷ್ಟರೊಳಗೆ ತೋರಿಸಿಕೊಂಡವರ ಹೆಸರು ಆಪರೇಷನ್ನಿನ ಯಾದಿಗೆ ಸೇರುತ್ತದೆ. ಹಿಂದಿನ ಎರಡು ಮಂಗಳವಾರವೂ ನಮ್ಮ ಪಾಳಿ ಬರುವ ಮೊದಲೇ ಅವರು ಎದ್ದಿದ್ದರು.

ಆ ದಿನ ಗುಣಮಟ್ಟದ ತಪಾಸಣೆಗೆ ಮೇಲಿನ ಸಾಹೇಬರು ಬರುವವರಿದ್ದರು. ಹೀಗಾಗಿ ನಲ್ಲಿಯ ಬಳಿ ಸಾಬೂನು ಬಂದಿತ್ತು. ಯಾರೂ ಒಯ್ಯದಿರಲೆಂದು ಅದನ್ನು ದಾರದಿಂದ ಕಟ್ಟಿದ್ದರು. ಮೂರು ಬಣ್ಣದ ಹೊಸ ಕಸದ ಡಬ್ಬಿಗಳಿಗೆ ಒಬ್ಬ ಕಾವಲುಗಾರ. ಹೆಂಗಸೊಬ್ಬಳು ಬಾಳೆಸಿಪ್ಪೆ ಹಾಕಲು ಹೋದಳು. "ಏ ಮಾವಶಿ, ಅದರಾಗ ಕಸ ಹಾಕಬ್ಯಾಡ್ರಿ! ಇನ್ನೂ ಸಾಹೇಬ್ರು ನೋಡಿಲ್ಲ" ಎಂದು ಅವನು ಕೂಗಿದ.

ಇಷ್ಟೆಲ್ಲ ಸುಧಾರಣೆಯ ನಡುವೆ ಈ ಚಪ್ಪಲಿಗಳು! ನಮ್ಮಲ್ಲಿ ನಸುಕಿನಲ್ಲೇ ಬಂದವರು ಪಾಳಿಯಲ್ಲಿ ಚಪ್ಪಲಿ ಬಿಟ್ಟು ಚಹಾಕ್ಕೋ ಬೇವಿನ ನೆರಳಿಗೋ ಹೋಗುತ್ತಾರೆ. ಪಾಳಿ ಸರಿದಂತೆ ಹಿಂದಿನವರು ಅವನ್ನು ಕಾಲಿನಿಂದ ಮುಂದೆ ತಳ್ಳುತ್ತಾರೆ. ಹಾಜರಿ ಮನುಷ್ಯನದೇ ಹೊರತು ಪಾದರಕ್ಷೆಯದಲ್ಲ ಎಂದು ಸಾರಿ, ಹನ್ನೊಂದೂ ಜೋಡಿಯನ್ನು ಗೋಡೆಗೆ ಸಾಲಾಗಿ ಇಟ್ಟೆ. ಇದರಿಂದ ನಾವು ಹನ್ನೆರಡನೆಯವರಿಂದ ಮೊದಲನೆಯವರಾದದ್ದು ಶಿಸ್ತಿನ ಫಲ. ನನ್ನ ಸ್ವಾರ್ಥವೇನೂ ಇರಲಿಲ್ಲ.

ಓಡಿಬಂದವರು ಗೊಣಗುತ್ತ ನಮ್ಮ ಹಿಂದೆ ನಿಂತರು. ಕೊನೆಗೆ ಬಂದವಳು ಕಬನೂರಿನ ಶಾಂತವ್ವ, ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುವವಳು.

"ಅಜ್ಜಾರ, ನನ್ನ ಚಪ್ಪಲಿ ಏನ್ ತಪ್ಪ ಮಾಡ್ಯಾವ್ರಿ? ಆರಕ್ಕ ಬಂದಾವು, ನಿಮಗಿಂತ ಮೊದಲ!"

"ಚಪ್ಪಲಿಗೇನು ಕಣ್ಣು ತೋರಿಸೋದದ ಏನವ್ವಾ? ಹಿಂದ ನಿಂದ್ರು" ಎಂದೆ. ಅವಳು ಹೋಗಿ ಕೊನೆಯಲ್ಲಿ ನಿಂತಳು.

ಹತ್ತಕ್ಕೆ ಸಾಹೇಬರು ಬಂದರು. ನೆಟ್ಟಗೆ ನಿಂತ ಪಾಳಿಯನ್ನು ಕಂಡು ದಂಗಾಗಿ, ಮೊದಲ ಇಬ್ಬರಾದ ನಮ್ಮನ್ನೇ ಮಾದರಿ ರೋಗಿಗಳೆಂದು ಪಕ್ಕದ ಆಫೀಸಿನೊಳಗೆ ಕರೆದರು. "ಕಿತೀ ವೇಳ ಥಾಂಬಾವಂ ಲಾಗತಂ, ಆಜೋಬಾ?" ಎಷ್ಟು ಹೊತ್ತು ಕಾಯಬೇಕಾಗುತ್ತದೆಂದು ನನ್ನನ್ನು ಕೇಳುವುದೆ! ಜೇಬಿನಿಂದ ಡೈರಿ ತೆಗೆದು ಮೂರು ತಿಂಗಳಲ್ಲಿ ಎಲ್ಲೆಲ್ಲಿ ಎಷ್ಟು ಕಾದೆವೋ ಆ ವೇಳೆಯನ್ನು ನಿಮಿಷ ಸಮೇತ ಓದತೊಡಗಿದೆ. ಚಹಾ ಬಂತು. "ಸಾಕ್ರೀ, ಪಾಳಿ ಬಂದೀತು" ಎಂದು ಗೌರವ್ವ ಮೂರು ಸಲ ಪಿಸುಗುಟ್ಟಿದಳು. ಅರ್ಧಕ್ಕೆ ಬಿಡುವುದು ನನ್ನ ಪದ್ಧತಿಯಲ್ಲ. 'ಚಪ್ಪಲಿ ಪಾಳಿ ಸಂಪೂರ್ಣ ಬಂದ್' ಎಂದು ಅವರು ಬರೆದುಕೊಂಡ ಮೇಲೆಯೇ ಎದ್ದೆ.

ಹೊರಗೆ ಬಂದಾಗ ಹನ್ನೆರಡು ಐವತ್ತು. ಬೆಳಗಿನವರ ಪೈಕಿ ಹತ್ತು ಜನರ ಕೆಲಸ ಮುಗಿದಿತ್ತು, ತಡವಾಗಿ ಬಂದ ಎಂಟು ಜನ ಪಾಳಿಯಲ್ಲಿದ್ದರು. ನನ್ನದೇ ನಿಯಮದಂತೆ ನಮ್ಮ ಜಾಗ ಅವರ ಹಿಂದೆ. ಡಾಕ್ಟರು ಏಳಲು ಹತ್ತು ನಿಮಿಷ. ಇನ್ನೊಂದು ಮಂಗಳವಾರ ಹೋಯಿತೆಂದು ಬಾಗಿಲ ಕಡೆ ನೋಡಿದರೆ, ಹೊಸ್ತಿಲಿಗೆ ತಾಗಿ ಒಂದು ಜೋಡಿ ಚಪ್ಪಲಿ. ಗೌರವ್ವನವು! ಸಾಹೇಬರು ಕರೆದಾಗ ಪಾಳಿಯಲ್ಲೇ ಬಿಟ್ಟು ಬಂದಿದ್ದಳು. ಪೊರೆ ಬಂದದ್ದು ಅವಳ ಕಣ್ಣಿಗೆ. ಮೂರು ತಾಸು ಅವಳ ಬರಿಗಾಲು ಕಾಣದಿದ್ದದ್ದು ನನಗೆ.

ಚಪ್ಪಲಿಯ ಹಿಂದೆಯೇ ನಿಂತಿದ್ದಳು ಶಾಂತವ್ವ. "ಬರ್ರಿ ಅವ್ವಾರ, ಲಗೂನ ಬರ್ರಿ. ಇವನ್ನ ಸರಿಸಾಕ ಇಬ್ಬರು ಬಂದಿದ್ರು, ನಾ ಬಿಡಲಿಲ್ಲ." ನಾನೂ ಮುಂದಾದೆ. ಅವಳು ನನ್ನ ಕಾಲು ನೋಡಿದಳು. "ಅಜ್ಜಾರ, ನಿಮ್ಮವು ಕಾಲಾಗ ಅದಾವಲ್ರಿ? ಹಂಗಾದ್ರ ನೀವು ಹಿಂದ ನಿಂದರ್ರಿ."

ಪಾಳಿಯೆಲ್ಲ ನಕ್ಕಿತು. ನಾನು ಹೋಗಿ ಕೊನೆಯಲ್ಲಿ ನಿಂತೆ. ಹನ್ನೆರಡು ಐವತ್ತೆಂಟಕ್ಕೆ ಗೌರವ್ವನ ಹೆಸರು ಯಾದಿಗೆ ಸೇರಿತು. ಸಾಹೇಬರು ಇನ್ನೂ ಅಲ್ಲೇ ಇದ್ದದ್ದರಿಂದ ಡಾಕ್ಟರೂ ಏಳಲಿಲ್ಲ. ಶಾಂತವ್ವನದೂ ಸೇರಿತು, ಆ ಎಂಟು ಜನರದೂ ಸೇರಿತು. ತಪಾಸಣೆಯಿಂದ ಜನರಿಗೆ ಉಪಯೋಗವಿಲ್ಲವೆಂದು ನಾನಂತೂ ಹೇಳಲಾರೆ.

ಸಂಜೆ ಆರು ಹತ್ತು. ಗೌರವ್ವನ ಚಪ್ಪಲಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಾಗಿಲ ಬಳಿ ಇಟ್ಟೆ. ನನ್ನದಕ್ಕಿಂತ ಒಂದು ಗೇಣು ಮುಂದೆ.